ಹಡಗಿನಲ್ಲಿ ದೊಡ್ಡಮ್ಮನಿಗೆ ತಪ್ಪಿದ ಊಟ

ಗೆಳೆಯರೇ, ಪ್ರವಾಸಿ ಹಡಗಿನಿಂದ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಇಲ್ಲಿ ಟವೆಲ್ ಮಡಚಿ ಹಂಸ ಮಾಡುವುದನ್ನು ಕಲಿಸಿದರು. ನಿಟ್ಟೂರಿನ ನಮ್ಮ ದೊಡ್ಡಮ್ಮ, ನಿವೃತ್ತ ಟೀಚರ್, ಹಂಸದ ಕುತ್ತಿಗೆ ನೆಟ್ಟಗೆ ನಿಲ್ಲುವವರೆಗೂ ಅಲ್ಲಿಂದ ಏಳಲಿಲ್ಲ. ಆಮೇಲೆ ಓಡಿದರೆ, ಊಟದ ಹಾಲ್ ಎರಡೂವರೆಗೇ ಮುಚ್ಚಿತ್ತು.

"ಕ್ಲೋಸ್ಡ್, ಮೇಡಂ" ಎಂದರು ಬಾಗಿಲಲ್ಲಿದ್ದ ಸಿಬ್ಬಂದಿ.

ದೊಡ್ಡಮ್ಮ ನನ್ನತ್ತ ತಿರುಗಿದರು. "ಎಂತ ಹಡಗು ಮಾರಾಯ್ತಿ ಇದು! ನಮ್ಮನೇಲಿ ಮೂರು ಗಂಟೆಗೆ ಬಂದವ್ರಿಗೂ ಎಲೆ ಹಾಕ್ತೀವಿ."

ಅವರು ನಕ್ಕುಬಿಟ್ಟರು. "ಅಮ್ಮಾ, ನಾನೂ ನಿಮ್ಮ ಕಡೆಯವ್ನೇ, ತೀರ್ಥಹಳ್ಳಿ. ಇಲ್ಲೇ ಬಾಗಿಲ ಹತ್ರ ಕೂತ್ಕಳಿ, ಮೊಸರನ್ನ ತರ್ತೀನಿ."

"ತೀರ್ಥಹಳ್ಳೀಲಿ ಎಲ್ಲಾಯ್ತು? ಯಾರ ಮನೆ?" ದೊಡ್ಡಮ್ಮ ಅವರು ತಂದ ಮೊಸರನ್ನದ ತುತ್ತು ನಿಲ್ಲಿಸಿ ವಿಚಾರಣೆ ಶುರು ಮಾಡಿದರು. ಮಾತು ಆ ಸಿಬ್ಬಂದಿಯ ಅಜ್ಜನ ಕಾಲಕ್ಕೆ ತಲುಪುವಷ್ಟರಲ್ಲಿ ಸಂಜೆಯ ಚಹಾಕ್ಕೆ ಬಾಗಿಲು ತೆರೆಯಿತು. ಸಾಲಿನಲ್ಲಿ ನಾವೇ ಮೊದಲು!