ಸುತ್ತು ಹೊಡೆದ ಮುಳ್ಳು

ನನ್ನ ನಾದಿನಿ ಭಕ್ತಿ ಹುಕ್ಕೇರಿಯಲ್ಲಿ ಡಿಪ್ಲೊಮಾ ಹುಡುಗಿಯರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. 2007ರ ಬೇಸಿಗೆಯಲ್ಲಿ ಕಂಪ್ಯೂಟರಿಗೆ ಜೋಡಿಸುವ ರೇಡಿಯೋ ರಿಸೀವರೊಂದನ್ನು ಬೆಳಗಾವಿಯ ಗೆಳತಿಯಿಂದ ಎರವಲು ತಂದು, ಮೂಡಲಗಿಯ ನಮ್ಮ ಮಾಳಿಗೆಯ ಮೇಲೆ ಹೂಡಿದಳು. ಅದಕ್ಕೆ ತಿರುಗಿಸುವ ಗುಂಡಿಯಿಲ್ಲ. ಯಾವ ಅಲೆ ಬೇಕೆಂದು ಕಂಪ್ಯೂಟರೇ ಅಂಕಿಯಲ್ಲಿ ಹೇಳಬೇಕು. ಹವ್ಯಾಸಿಗಳ ಉಪಗ್ರಹವೊಂದು ತಲೆಯ ಮೇಲೆ ಹಾದುಹೋಗುವಾಗ ಅದರ ದನಿ ಕೇಳಿಸುತ್ತೇನೆಂದು ಹುಡುಗಿಯರಿಗೆ ಮಾತು ಕೊಟ್ಟಿದ್ದಳು. ಎಣ್ಣೆ ಡಬ್ಬಿ ಕತ್ತರಿಸಿ ಡಿಶ್ಶಿನ ಆಂಟೆನಾ ಮಾಡಿದವರು ಅವರೇ.

ದನಿ ಬರಲಿಲ್ಲ. ಕಡಿಮೆ ಕಂಪನದ ಅಲೆಗಳೆಲ್ಲ ಕೇಳುತ್ತಿದ್ದವು, ಉಪಗ್ರಹದ್ದು ಮಾತ್ರ ಇಲ್ಲ. ಕೇಬಲ್ ಟಿವಿಯ ಶೆಟ್ಟೆಪ್ಪ ದಿನಾ ಬಂದು ಡಿಶ್ ಅತ್ತಿತ್ತ ಹೊರಳಿಸುತ್ತಿದ್ದ.

"ಅಕ್ಕಾರ, ಅದಕ್ಕ ಮೂಡಲಗಿ ದಾರಿ ಗೊತ್ತಿಲ್ಲ ಬಿಡ್ರಿ."

ಬಿಡುವವಳಲ್ಲ ಅವಳು. ಆದರೆ ರಿಸೀವರು ಸೋಮವಾರ ವಾಪಸು ಹೋಗಬೇಕಿತ್ತು. ಭಾನುವಾರ ಸಂಜೆಯದೇ ಕಡೆಯ ಅವಕಾಶ.

ಆ ಭಾನುವಾರ ನನಗೆ ನನ್ನದೇ ಚಿಂತೆ. ಮಗ ಪ್ರತೀಕ ಸರಿಯಾಗಿ ಉಣ್ಣುತ್ತಿರಲಿಲ್ಲ. ತಿಂಗಳಿಗೊಮ್ಮೆ ಅವನನ್ನು ನೇಮಣ್ಣ ಕಾಕಾನ ಕಿರಾಣಿ ಅಂಗಡಿಯ, ಗಡಿಯಾರದಂಥ ಮುಳ್ಳಿನ ತಕ್ಕಡಿಗೆ ಜೋಳಿಗೆ ಕಟ್ಟಿ ತೂಗಿಸುತ್ತಿದ್ದೆ. ಬ್ಯಾಟರಿ ಶೆಲ್ಲು ಕೊಳ್ಳಲು ಭಕ್ತಿಯೂ ಬಂದಿದ್ದಳು. ಮುಳ್ಳು ಕಾಲು ಕಿಲೋಕ್ಕೆ ನಿಂತಿತು.

"ಕಾಕಾ, ಹೋದ ತಿಂಗಳು ಒಂಬತ್ತೂ ಮುಕ್ಕಾಲು ಇತ್ತರಿ."

"ಹೆದರಬ್ಯಾಡ ಆರತಿ. ತಕ್ಕಡಿ ಹತ್ತು ಕಿಲೋದ್ದು. ನಿನ್ನ ಮಗ ಹತ್ತು ದಾಟ್ಯಾನ, ಮುಳ್ಳು ಒಂದು ಸುತ್ತು ಹೊಡದು ಮತ್ತ ಮೊದಲಿಂದ ಶುರು ಮಾಡೈತಿ. ಇನ್ನ ಇವನ್ನ ಜ್ವಾಳದ ಚೀಲ ತೂಗೋದರಾಗ ಕುಂದರಸು."

ನನಗೆ ಉಸಿರು ಬಂತು. ಭಕ್ತಿ ಮಾತ್ರ ಮುಳ್ಳನ್ನೇ ನೋಡುತ್ತಿದ್ದಳು.

"ವೈನಿ, ಡಿಶ್ಶಿನ ತಪ್ಪಲ್ರಿ. ನನ್ನ ಅಂಕಿನೂ ಹಿಂಗ ಸುತ್ತು ಹೊಡದಿರಬೇಕು."

ಶೆಲ್ಲು ಅಲ್ಲೇ ಬಿಟ್ಟು ಮನೆಯತ್ತ ನಡೆದಳು.

ಅವಳು ಬಿಡಿಸಿ ಹೇಳಿದ್ದು ಇಷ್ಟು. ಕಂಪ್ಯೂಟರಿಗೂ ರಿಸೀವರಿಗೂ ನಡುವೆ ಡ್ರೈವರ್ ಎಂಬ ತಂತ್ರಾಂಶ ಕುಳಿತಿರುತ್ತದೆ. ಅದು ಅಂಕಿ ಈಸಿಕೊಳ್ಳುವ ಜಾಗ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆಗೆ ತುಂಬಿಬಿಡುತ್ತದೆ. ಉಪಗ್ರಹದ ಅಲೆಯೋ ಸೆಕೆಂಡಿಗೆ ಇನ್ನೂರ ನಲವತ್ತು ಕೋಟಿ ಸಲ ಕಂಪಿಸುವಂಥದ್ದು. ಡ್ರೈವರಿಗೆ ಮುಟ್ಟಿದ ಅಂಕಿಯನ್ನು ಪರದೆಗೆ ತರಿಸಿ ನೋಡಿದರೆ ಅದರ ಮುಂದೆ ಮೈನಸ್ ಗುರುತು. ಜಾಗ ಮೀರಿದ ಅಂಕಿ ಆ ಮುಳ್ಳಿನಂತೆ ಸುತ್ತು ಹೊಡೆದು ಸೊನ್ನೆಗಿಂತ ಕೆಳಗೆ ಬಿದ್ದಿತ್ತು. ಹಾಗಾದರೆ ಬಿಡಿ ಕಂಪನ ಎಣಿಸುವುದೇ ಬೇಡ, ಸಾವಿರಕ್ಕೊಂದರಂತೆ ಕಳಿಸೋಣ ಎಂದು ಅಂಕಿ ಕಳಿಸುವ, ಈಸಿಕೊಳ್ಳುವ ಎರಡೂ ಕಡೆ ತಿದ್ದಿ, ಡ್ರೈವರನ್ನು ಹೊಸದಾಗಿ ಕಟ್ಟಲು ಬಿಟ್ಟಳು. ಕಂಪ್ಯೂಟರು ಹಳೆಯದು, ತೆವಳುತ್ತಿತ್ತು.

ಹೊತ್ತು ಮುಳುಗಿದ ಮೇಲೆ ಜೈನರಾದ ನಮ್ಮಲ್ಲಿ ಊಟವಿಲ್ಲ. ತಟ್ಟೆ ಹಿಡಿದು ಮಾಳಿಗೆ ಹತ್ತಿದೆ.

"ಎರಡು ತುತ್ತು ತಿನ್ನು. ಹೊತ್ತು ಮುಳುಗಾಕ ಬಂತು."

"ಈಗ ಎದ್ದರ ಉಪಗ್ರಹ ತಪ್ಪತೈತ್ರಿ."

ಬೆಳಗಿನಿಂದ ಚಹಾದ ಮೇಲೆ ಇದ್ದವಳು. ತಲೆ ತಿರುಗಿ ಕೆಳಗೆ ಬಿದ್ದರೆ ಎಂದು ನನಗೆ ದಿಗಿಲು. ಸೂರ್ಯ ಮುಳುಗಿದ. ತಟ್ಟೆ ನನ್ನ ಕೈಯಲ್ಲೇ ಉಳಿಯಿತು.

ಹುಕ್ಕೇರಿಯಿಂದ ಬಂದಿದ್ದ ಹುಡುಗಿಯರು ಸುತ್ತ ನೆರೆದರು. ಶೆಟ್ಟೆಪ್ಪ ಡಿಶ್ ಹಿಡಿದ. ಮೊದಲು ಬರೀ ಗೊರಗೊರ. ಆಮೇಲೆ, ಸಿಳ್ಳೆ ಹಾಕುತ್ತ ಯಾರೋ ಓಣಿ ದಾಟಿ ಹೋದಂತೆ ಸಣ್ಣ ದನಿಯೊಂದು ಮೂಡಿ ಮೆಲ್ಲಗೆ ತಗ್ಗುತ್ತ ಹೋಯಿತು. ಹುಡುಗಿಯರಲ್ಲೊಬ್ಬಳಾದ ಘೋಡಗೇರಿಯ ರಾಧಿಕಾ ತಾನು ಕತ್ತರಿಸಿದ ಡಬ್ಬಿಯನ್ನೇ ನೋಡುತ್ತಿದ್ದಳು.

"ದಾರಿ ಸಿಕ್ಕತು ನೋಡ್ರಿ," ಎಂದ ಶೆಟ್ಟೆಪ್ಪ.

ಮರುದಿನ ಹೊತ್ತು ಮೂಡಿದ ಕೂಡಲೇ ರೊಟ್ಟಿ ಬಡಿದೆ. ಭಕ್ತಿ ಒಂದು ಕೈಯಲ್ಲಿ ತಿನ್ನುತ್ತ, ಇನ್ನೊಂದರಲ್ಲಿ ತಾನು ತಿದ್ದಿದ ಡ್ರೈವರಿನ ಸಿಡಿಯನ್ನು ರಿಸೀವರಿನ ಪೆಟ್ಟಿಗೆಯೊಳಗೆ ಇಟ್ಟಳು.

"ಮುಂದ ತಗೊಂಡವರು ಸುಮ್ಮನ ಡಿಶ್ ಹೊರಳಿಸಿ ಸಾಯಬಾರದು ನೋಡ್ರಿ, ವೈನಿ. ಇನ್ನೊಂದು ರೊಟ್ಟಿ ಹಾಕ್ರಿ."