ಅರ್ಜುನಪ್ಪ ಕಾವು ಕೊಟ್ಟ ಶೀಶೆ

ರೋಣದಲ್ಲಿ ಎತ್ತಿನ ಚಕ್ಕಡಿ ಹೊಡೆಯುತ್ತಿದ್ದ ಅರ್ಜುನಪ್ಪನದು ಊರಿಗೇ ದೊಡ್ಡ ಹೊಟ್ಟೆ. ಚಳಿಗಾಲದಲ್ಲೂ ಕುಲುಮೆಯಂತೆ ಬಿಸಿ. ಅದು ವೈದ್ಯಶಾಸ್ತ್ರಕ್ಕೆ ಬೇಕಾದೀತೆಂದು ಹೆಂಡತಿ ಗಾಳೆವ್ವ ಕನಸಿನಲ್ಲೂ ಎಣಿಸಿರಲಿಲ್ಲ.

೧೯೫೪ರ ಮಾತು. ಡಾಕ್ಟರ್ ಲೀಲಾಬಾಯಿ ಊರಲ್ಲಿ ಸಣ್ಣದೊಂದು ಹೆರಿಗೆ ದವಾಖಾನೆ ನಡೆಸುತ್ತಿದ್ದರು. ಹಸುಗೂಸಿನ ರಕ್ತಕ್ಕೆ ನಂಜೇರಿದರೆ ಯಾವ ಕ್ರಿಮಿ ಕಾರಣ, ಯಾವ ಔಷಧಿಗೆ ಅದು ಸಾಯುತ್ತದೆ ಎಂಬ ಶೋಧನೆಯ ಹುಚ್ಚು ಅವರಿಗೆ. ಕೂಸಿನ ರಕ್ತವನ್ನಿಷ್ಟು, ಕ್ರಿಮಿ ಬೆಳೆಯಲೆಂದು ಮಾಂಸದ ಸಾರು ತುಂಬಿದ ಶೀಶೆಗೆ ಹಾಕಿ, ಮೈಯಷ್ಟೇ ಬಿಸಿ ಆರದಂತೆ ಹುಬ್ಬಳ್ಳಿಯ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಬಿಸಿಯಿದ್ದರೆ ಕ್ರಿಮಿ ಬೆಳೆದು ಗುರುತು ಸಿಗುತ್ತದೆ.

ಒಂದು ದಿನ ನರೇಗಲ್ಲಿನ ಹೊನ್ನವ್ವ ತನ್ನ ಎಳೆಗೂಸನ್ನು ಅರ್ಜುನಪ್ಪನ ಚಕ್ಕಡಿಯಲ್ಲೇ ತಂದಳು. ಕೂಸು ಹಾಲು ಬಿಟ್ಟಿತ್ತು, ಅಳುವ ಶಕ್ತಿಯೂ ಇರಲಿಲ್ಲ, ಮೈ ತಣ್ಣಗಿತ್ತು, ಹೊಕ್ಕಳ ಕೆಂಪಗಾಗಿತ್ತು. ಡಾಕ್ಟರು ರಕ್ತ ತೆಗೆದು, ಪೆನ್ಸಿಲಿನ್ ಸೂಜಿ ಚುಚ್ಚಿ, ಅರ್ಜುನಪ್ಪನ ಹೊಟ್ಟೆಯನ್ನೇ ನೋಡಿದರು.

"ಈ ಶೀಶೆ ಹೊಟ್ಟಿಗೆ ಕಟ್ಕೊಂಡು ಹುಬ್ಬಳ್ಳಿಗೆ ಹೋಗ್ತೀಯೇನಪಾ?"

"ಕಾವು ಕೊಡಾಕ ನಾನೇನು ಕೋಳಿ ಏನ್ರಿ?" ಅಂದವನು ಕೂಸಿನ ಮುಖ ನೋಡಿ ಅಂಗಿ ಎತ್ತಿದ.

ಹೊಳೆಆಲೂರಿನಲ್ಲಿ ರೈಲು ಹತ್ತಿದ. ಅದು ಸೆರೆ, ಅಂದರೆ ಹೆಂಡ, ಸಾಗಿಸುವುದನ್ನು ಸರ್ಕಾರ ನಿಷೇಧಿಸಿದ್ದ ಕಾಲ. ಹೊಟ್ಟೆ ಹಿಡಿದು ಕೂತವನ ಮೇಲೆ ಪೊಲೀಸ್ ಮಹಾಲಿಂಗಪ್ಪನ ಕಣ್ಣು ಬಿತ್ತು.

"ಅಂಗಿಯೊಳಗ ಏನೈತಿ? ಸೆರೆ?"

"ಅಲ್ರಿ, ಸಾರು."

"ಎಂಥಾ ಸಾರು?"

"ಕೂಸಿನ ರಕ್ತದ್ದು."

ಪಕ್ಕದ ಬಾಕಿನ ಮೇಲೆ ಕೂತವರೆಲ್ಲ ಎದ್ದು ಬಾಗಿಲಿಗೆ ಓಡಿದರು. ಪೊಲೀಸ ಶೀಶೆ ಕಸಿದು ಮುಚ್ಚಳಕ್ಕೆ ಕೈಹಾಕಿದ.

"ತಗೀಬ್ಯಾಡ್ರಿ, ಹೊರಗಿನ ಕ್ರಿಮಿ ಹೊಕ್ತಾವ! ಥಣ್ಣಗೂ ಆಗಬಾರ್ದು! ಮೊದ್ಲ ಬಗಲಾಗ ಇಟ್ಕೊಳ್ರಿ, ಆಮ್ಯಾಲ ಏನ್ ಬೇಕಾದ್ದು ಕೇಳ್ರಿ!"

ಆ ಕೂಗಿಗೆ ಬೆಪ್ಪಾದ ಪೊಲೀಸ ಶೀಶೆಯನ್ನು ಬಲ ಕಂಕುಳಲ್ಲಿ ಒತ್ತಿಕೊಂಡ. ಸಂಗತಿ ಪೂರ್ತಿ ಕೇಳಿದ ಮೇಲೆ ಅದನ್ನು ಹೊರಗೆ ತೆಗೆಯಲು ಅವನಿಗೇ ಧೈರ್ಯವಾಗಲಿಲ್ಲ. ಗದಗಿನಲ್ಲಿ ಅವನ ಮೇಲಧಿಕಾರಿ ಫೌಜದಾರರು ಎದುರಾದಾಗ ಎಡಗೈಯಲ್ಲಿ ಸಲಾಮು ಹೊಡೆದು ಬೈಸಿಕೊಂಡ, ಆದರೂ ಬಲಗೈ ಎತ್ತಲಿಲ್ಲ. ಹುಬ್ಬಳ್ಳಿ ಮುಟ್ಟುವತನಕ ಹಾಗೇ ಕೂತ.

ಪ್ರಯೋಗಶಾಲೆಯಲ್ಲಿ ಕ್ರಿಮಿ ಸೊಂಪಾಗಿ ಬೆಳೆಯಿತು. ಪೆನ್ಸಿಲಿನ್ನಿಗೆ ಅದು ಜಗ್ಗುವುದಿಲ್ಲ, ಸ್ಟ್ರೆಪ್ಟೊಮೈಸಿನ್ ಕೊಡಿರೆಂದು ತಂತಿ ಬಂತು. ಅಲ್ಲಿಯತನಕ ಹೇಗೋ ಜೀವ ಹಿಡಿದಿದ್ದ ಕೂಸು ಹೊಸ ಸೂಜಿಗೆ ಮೆಲ್ಲಗೆ ಬೆಚ್ಚಗಾಯಿತು, ಮೊಲೆ ಹಿಡಿಯಿತು, ಆಮೇಲೆ ದವಾಖಾನೆಯ ಹೆಂಚು ಹಾರುವಂತೆ ಅತ್ತಿತು.

ಸುಮ್ಮನಿರಿಸಲು ಹೋದ ಹೊನ್ನವ್ವನನ್ನು ಅರ್ಜುನಪ್ಪ ಬಾಗಿಲಲ್ಲೇ ತಡೆದ. "ಬಿಡವಾ, ಇನ್ನೊಂದೀಟು ಅಳ್ಲಿ. ಭಾಳ ಚಲೋ ಕೇಳಸ್ತೈತಿ."