ಹೂಂಗುಟ್ಟಿದ ಸಭೆ

ಆಗದ ಮಾತು ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ ಸರೋಜತ್ತೆ. ಷಿಕಾಗೋ ಹತ್ತಿರದ ವುಡ್‌ರಿಡ್ಜ್‌ನ ತನ್ನ ಅಡುಗೆಮನೆಯಲ್ಲಿ, ನಾನು ಎದುರಿಗೇ ಕೂತು ಚುರಮುರಿ ತಿನ್ನುತ್ತಿರುವಾಗಲೇ ಹೇಳಿದಳು.

"ಅಣ್ಣಾ, ಇಕಿ ನಾಕ ಮಂದಿ ಮುಂದ ನಿಂತು ಇಂಗ್ಲಿಷ್ ಮಾತಾಡೂದು, ಕಾಲೇಜ ಕಲಿಯೂದು ಆಗದ ಮಾತು. ಸುಮ್ನ ಗದಗಕ್ಕ ಅವ್ವನ ಹತ್ರ ಕಳಸು. ಅಲ್ಲೇ ಸಾಲಿಗೆ ಹೋಗ್ತಾಳ."

ಅಪ್ಪ ಟಿಕೆಟ್ಟಿಗೆ ಎಷ್ಟಾಗುತ್ತದೆಂದು ಕೇಳಿದ. ನನಗೆ ಹೆದರಿಕೆಯಾಯಿತು. ಗದಗಿನಲ್ಲಿ ಅಜ್ಜಿ ಇದ್ದಳು, ಅಜ್ಜಿಯ ಕಥೆಗಳಿದ್ದವು, ಎಲ್ಲ ಸರಿ. ಆದರೆ ಅಪ್ಪ ಅವ್ವ ಇಬ್ಬರೂ ಇಲ್ಲಿ.

ಅದು ರಿಸೆಷನ್ನಿನ ಕಾಲ. ಬರ್ತ್‌ಡೇ ಪಾರ್ಟಿಗಳಲ್ಲಿ ಅಂಕಲ್‌ಗಳು 'ಲೇಆಫ್' ಎಂಬ ಮಾತನ್ನು ದನಿ ತಗ್ಗಿಸಿ ಆಡುತ್ತಿದ್ದ ದಿನಗಳು. ಅಪ್ಪ ಓಕ್ ಬ್ರೂಕ್‌ನ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಸುತ್ತಲಿನ ಆಫೀಸುಗಳು ಖಾಲಿಯಾದ ಹಾಗೆ ಮಧ್ಯಾಹ್ನದ ಗಿರಾಕಿಗಳೂ ಖಾಲಿಯಾದರು, ಹೋಟೆಲು ಬಾಗಿಲು ಹಾಕಿತು. ಷಿಕಾಗೋದಲ್ಲಿ ಕಪ್ಪು ಜನರೇ ಹೆಚ್ಚಿದ್ದ ಸೌತ್ ಸೈಡಿನ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿ, ಅಲ್ಲೇ ಒಂದು ಇಟ್ಟಿಗೆ ಮನೆಯ ಮಹಡಿಗೆ ಬಂದೆವು. ಅಪ್ಪ ಕಲಿತದ್ದು ಏಳನೆಯ ಕ್ಲಾಸು, ಅವ್ವ ನಾಲ್ಕನೆಯದು. ನಾನೋ, ಊರಿಂದ ಬಂದು ವರ್ಷವಾಗಿದ್ದರೂ ಶಾಲೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಬರೆಯುತ್ತಿದ್ದೆ. ಮಾತು ಮಾತ್ರ ಗಂಟಲು ಬಿಟ್ಟು ಮೇಲೆ ಬರುತ್ತಿರಲಿಲ್ಲ.

ಕೆಳಗಿನ ಮನೆಯಲ್ಲಿ ಮಿಸ್ ಹ್ಯಾಟಿ ಇದ್ದಳು. ಎಂಬತ್ತು ದಾಟಿದ ಕಪ್ಪು ಅಜ್ಜಿ. ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯಬಾರದೆಂದು ಅವ್ವ ಅವಳನ್ನು ಹ್ಯಾಟಿ ಅಜ್ಜಿ ಮಾಡಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಅವಳ ಒಲೆಯ ಪಕ್ಕ ಕೂರುತ್ತಿದ್ದೆ. ಕಾರ್ನ್‌ಬ್ರೆಡ್ ಬೇಯುವ ವಾಸನೆಯಲ್ಲಿ ಅವಳು ಹಳೆಯ ಕಥೆ ಹೇಳುವಳು, ನಾನು ಗದಗಿನ ಅಭ್ಯಾಸದಂತೆ 'ಹೂಂ' ಎನ್ನುತ್ತಿದ್ದೆ. ನನ್ನ ಮಾತೆಲ್ಲ ಅಷ್ಟೇ.

ಫೆಬ್ರವರಿ ಬಂತೆಂದರೆ ಆ ಓಣಿಯಲ್ಲಿ ಹಬ್ಬ. ಕಪ್ಪು ಜನರ ಚರಿತ್ರೆಯ ತಿಂಗಳು. ಕಮ್ಯೂನಿಟಿ ಹಾಲಿನ ಬೇಸ್‌ಮೆಂಟಿನಲ್ಲಿ ಕೆಂಪು, ಕಪ್ಪು, ಹಸಿರು ಕಾಗದದ ಮಾಲೆಗಳು. ಮೂಲೆಯಲ್ಲಿ ಹುಡುಗರು ಡ್ರಮ್ ಬಡಿದರೆ ಇನ್ನೊಂದು ಮೂಲೆಯಲ್ಲಿ ಹುಡುಗಿಯರು ಎರಡು ಹಗ್ಗ ಒಟ್ಟಿಗೆ ತಿರುಗಿಸಿ ಜಿಗಿಯುವ ಆಟ. ಕೊನೆಯ ಶನಿವಾರ ದೊಡ್ಡ ಸಭೆ. ಅಲ್ಲಿ ಒಂದೊಂದು ಮಗುವೂ ಎದುರಿಗೆ ಕೂತ ಒಬ್ಬೊಬ್ಬ ಹಿರಿಯರ ಕಥೆಯನ್ನು ಎದ್ದು ನಿಂತು ಹೇಳಬೇಕು. ಹ್ಯಾಟಿ ಅಜ್ಜಿ ತನ್ನ ಕಥೆಗೆ ನನ್ನನ್ನು ಆರಿಸಿಕೊಂಡಳು.

"ಅವಳಿಗೆ ಮಾತೇ ಬರಲ್ಲ, ಮಿಸ್ ಹ್ಯಾಟಿ!" ಎಂದಳು ಪಕ್ಕದ ಮನೆಯ ತಾಷಾ.

"ನಿನಗೆ ಸುಮ್ಮನಿರೋಕೆ ಬರಲ್ಲ. ಇಬ್ಬರೂ ಕಲೀರಿ."

ಅಪ್ಪನಿಗೆ ಸುದ್ದಿ ಮುಟ್ಟಿತು. ನನ್ನ ಜಡೆ ಹೆಣೆಯುತ್ತಿದ್ದ ಅವ್ವನ ಎದುರೇ ಹೇಳಿದ, "ಅವತ್ತ ನಿನ್ನ ಬಾಯಿಂದ ನಾಕ ಮಾತ ಹೊಂಟ್ರ ಇಲ್ಲೇ ಇರು. ಇಲ್ಲಾಂದ್ರ ಅತ್ತಿ ಹೇಳಿದ್ದ ಖರೆ. ಸೂಟಿಯೊಳಗ ಗದಗ."

ಶನಿವಾರ ಹಾಲ್ ಜನರಿಂದ ತುಂಬಿತ್ತು. ಮೇಜಿನ ಮೇಲೆ ಸೊಪ್ಪಿನ ಪಲ್ಯ, ಸಿಹಿಗೆಣಸಿನ ಪೈ, ಅವುಗಳ ನಡುವೆ ಅವ್ವನ ಶೇಂಗಾ ಹೋಳಿಗೆ. ನನ್ನ ಸರದಿ ಬಂತು. ಮೊದಲ ಸಾಲು ಹೇಳಿದೆ: "ಮಿಸ್ ಹ್ಯಾಟಿ ಮಿಸಿಸಿಪ್ಪಿಯಿಂದ ರೈಲಿನಲ್ಲಿ ಬಂದಳು." ಮುಂದಿನ ಸಾಲು ಬರಲಿಲ್ಲ. ಮೈಕಿನಲ್ಲಿ ನನ್ನ ಉಸಿರು ಮಾತ್ರ ಕೇಳುತ್ತಿತ್ತು.

ಹಿಂದಿನ ಸಾಲಿನಿಂದ ಒಂದು ಗಂಡಸಿನ ದನಿ ಎದ್ದಿತು, "ಟೇಕ್ ಯುವರ್ ಟೈಮ್, ಬೇಬಿ!" ಅತ್ತಲಿಂದ ಇನ್ನೊಬ್ಬರು, "ಹೇಳು, ಹೇಳು!" ಯಾರೋ ಕಾಲು ಬಡಿದರು. ಒಬ್ಬ ಹೆಂಗಸು ಎದ್ದು ನಿಂತು ಕೈ ಬೀಸಿದಳು.

ನಮ್ಮ ಕಡೆ ಬಯಲಾಟದಲ್ಲಿ ಮಾತು ಮರೆತವನಿಗೆ ಮಂದಿ ಹೀಗೆ ಕೂಗಿದರೆ, ಕೆಳಗಿಳಿ ಎಂದೇ ಅರ್ಥ. ಅಪ್ಪನ ಮುಖ ಕೆಂಪಾಯಿತು. ಕುರ್ಚಿಗಳನ್ನು ಸರಿಸಿಕೊಂಡು ಮುಂದೆ ಬಂದವನೇ ನನ್ನ ಕೈ ಹಿಡಿದ.

"ಬಾರವ್ವಾ. ನನ್ನ ಮಗಳನ್ನ ಹಿಂಗ ನಗ್ಯಾಡೋ ಮಂದಿ ಮುಂದ ನಿಲ್ಲೂದು ಬ್ಯಾಡ. ನಡಿ ಮನಿಗೆ."

ಹ್ಯಾಟಿ ಅಜ್ಜಿ ಕೂತಲ್ಲಿಂದಲೇ ತನ್ನ ಕೋಲನ್ನು ಅವನ ದಾರಿಗೆ ಅಡ್ಡ ಚಾಚಿದಳು. ಕನ್ನಡ ಅವಳಿಗೆ ಬಾರದು, ಅಪ್ಪನಿಗೆ ಅವಳ ಇಂಗ್ಲಿಷ್ ಬಾರದು. ನಡುವೆ ನಿಂತವಳು ನಾನೊಬ್ಬಳೇ. ಮೈಕು ಬಾಯೆದುರೇ ಇದ್ದದ್ದು ಮರೆತೇ ಹೋಗಿತ್ತು.

"ಅಪ್ಪಾ, ಬೈಯಾಕತ್ತಿಲ್ಲ! ಹೂಂ ಅನ್ನಾಕತ್ತಾರ. ಅಜ್ಜಿ ಕಥಿ ಹೇಳುವಾಗ ನಾ ಅಂತಿದ್ನಲ್ಲ, ಹಂಗ!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಒಂದಕ್ಷರ ಅರ್ಥವಾಗದಿದ್ದರೂ ಇಡೀ ಸಭೆ "ಹೇಳಿಬಿಡು ಅವನಿಗೆ!" ಎಂದು ಚಪ್ಪಾಳೆ ತಟ್ಟಿತು. ಅಪ್ಪ ಸುತ್ತ ನೋಡಿದ. ಮೆಲ್ಲಗೆ ಕೈ ಬಿಟ್ಟ.

ಆಮೇಲೆ ನಾನು ನಿಲ್ಲಲಿಲ್ಲ. ರೈಲಿನ ಊಟದ ಬೋಗಿಯಲ್ಲಿ ಕಪ್ಪು ಜನಕ್ಕೆ ಜಾಗ ಕೊಡುತ್ತಿರಲಿಲ್ಲವೆಂದು ಪುಟ್ಟ ಹ್ಯಾಟಿಯ ತಾಯಿ ಶೂ ಪೆಟ್ಟಿಗೆಯಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಕೇಕು ಕಟ್ಟಿಕೊಂಡಿದ್ದು. ಊಟ ಮುಗಿದ ಮೇಲೂ ಆ ಪೆಟ್ಟಿಗೆ ಎಸೆಯದೆ, ಷಿಕಾಗೋದಲ್ಲಿ ಹುಡುಗಿಯ ಶಾಲೆಯ ಪುಸ್ತಕಗಳನ್ನು ಅದರಲ್ಲೇ ಇಟ್ಟಿದ್ದು, ಎಲ್ಲ ಹೇಳಿದೆ. ನಮ್ಮ ಅವ್ವನೂ ವಿಮಾನದಲ್ಲಿ ಸಜ್ಜಿ ರೊಟ್ಟಿಯ ಬುತ್ತಿ ತಂದಿದ್ದಳು, ಆದರೆ ನಮಗೆ ಯಾರೂ ಊಟ ಇಲ್ಲವೆಂದಿರಲಿಲ್ಲ, ಅವ್ವನಿಗೆ ವಿಮಾನದವರ ಅಡುಗೆಯ ಮೇಲೆ ನಂಬಿಕೆ ಇರಲಿಲ್ಲ ಅಷ್ಟೇ ಎಂದೆ. ಸಭೆ ಘೊಳ್ಳೆಂದು ನಕ್ಕಿತು. ವೇದಿಕೆಯ ಪಕ್ಕ ನಿಂತೇ ಇದ್ದ ಅಪ್ಪ, ತಿಳಿದಷ್ಟು ತಿಳಿದು, ಪ್ರತಿ ಮಾತಿಗೂ ಗಟ್ಟಿಯಾಗಿ "ಹೂಂ" ಎನ್ನುತ್ತಿದ್ದ. ಹ್ಯಾಟಿ ಅಜ್ಜಿ ಕಣ್ಣೊರೆಸಿಕೊಂಡು, ಅವನ ಹಾಗೆಯೇ, "ಹೂಂ" ಎಂದಳು.

ಗದಗಕ್ಕೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ಈಗ ಆ ಕಮ್ಯೂನಿಟಿ ಹಾಲ್ ಇಲ್ಲ. ಹ್ಯಾಟಿ ಅಜ್ಜಿ ತೀರಿಕೊಂಡಳು, ತಾಷಾಳ ಮನೆಯವರು ಅಟ್ಲಾಂಟಾಕ್ಕೆ ಹೋದರು, ನಾವು ಷಿಕಾಗೋ ಹೊರವಲಯದ ಅರೋರಾಕ್ಕೆ ಬಂದೆವು. ಒಳ್ಳೆಯ ಬಡಾವಣೆ, ಗುಡಿಯೂ ಹತ್ತಿರ. ಆದರೆ ಪಕ್ಕದ ಮನೆಯವರ ಅಜ್ಜಿ ಯಾವ ಊರಿಂದ ಏನು ಬುತ್ತಿ ಕಟ್ಟಿಕೊಂಡು ಬಂದಳೋ ನನಗೆ ಗೊತ್ತಿಲ್ಲ, ನಮ್ಮದು ಅವರಿಗೆ ಗೊತ್ತಿಲ್ಲ. ಆಫೀಸಿನ ವಿಡಿಯೋ ಕಾಲ್‌ಗಳಲ್ಲಿ ದಿನವೂ ಹತ್ತಾರು ಜನರ ಮುಂದೆ ಮಾತಾಡುತ್ತೇನೆ. ಎಲ್ಲರೂ ಮ್ಯೂಟಿನಲ್ಲಿರುತ್ತಾರೆ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಪದವಿಯ ದಿನ ಮೊದಲೇ ಸಾರಿದ್ದರು: ಯಾರೂ ಕೂಗಬೇಡಿ, ಚಪ್ಪಾಳೆ ಕೊನೆಯಲ್ಲಿ ಮಾತ್ರ. ಅಷ್ಟು ದೊಡ್ಡ ಸಭೆ ತುಟಿ ಬಿಚ್ಚದೆ ಕೂತಿತ್ತು. ನನ್ನ ಹೆಸರು ಕರೆದರು, ಪ್ರಮಾಣಪತ್ರ ಕೈಗಿಟ್ಟರು. ಮೇಲಿನ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಪಕ್ಕದಲ್ಲಿ ಸರೋಜತ್ತೆ ಅವನ ಕೋಟು ಹಿಡಿದು ಜಗ್ಗುತ್ತಿದ್ದಳು.

"ಹೂಂ!" ಎಂದ ಅಪ್ಪ, ಇಡೀ ಸಭೆಗೆ ಕೇಳುವಂತೆ. "ಮುಂದ ಹೇಳವ್ವಾ!"